ಕೆರೆಯಂಗಳದಲ್ಲಿ ನಮ್ಮ ಮುಖಗಳು

ನಮ್ಮೂರಿನ ಕೆರೆಗೆ ಬಾತುಗಳು ಬರುತ್ತಿದ್ದದ್ದು ಚಿಕ್ಕಂದಿನಿಂದಲೂ ನನಗೆ ನೆನಪಿದೆ ಎಂದು ಬರೆಯಲು ಹೊರಟು ಪೆನ್ನು ನಿಲ್ಲಿಸಿದೆ. ನಿಜವಾಗಿ ನೆನಪಿದೆಯೇ? ಅಪ್ಪನ ಹೆಗಲ ಮೇಲೆ ಕೂತು, ಕೆರೆ ಏರಿಯಿಂದ ಬೂದು ಬಣ್ಣದ ಹಕ್ಕಿಗಳ ರಾಶಿಯನ್ನು ನೋಡಿದ ಚಿತ್ರವೊಂದು ತಲೆಯಲ್ಲಿದೆ. ಆದರೆ ಆ ಚಿತ್ರದಲ್ಲಿ ಅಪ್ಪನ ಹೆಗಲ ಮೇಲೆ ಕೂತ ನಾನೂ ಕಾಣಿಸುತ್ತೇನೆ. ನನ್ನನ್ನು ನಾನೇ ಹೊರಗಿನಿಂದ ನೋಡಿದ್ದು ಹೇಗೆ? ಯಾರೋ ಹೇಳಿದ್ದನ್ನು ನಾನು ಕಟ್ಟಿಕೊಂಡಿರಬೇಕು. ಹಾಗಾಗಿ ಹಳೆಯದನ್ನು ಬಿಟ್ಟು, ಹೋದ ಚಳಿಗಾಲದ್ದನ್ನು ಬರೆಯುತ್ತೇನೆ. ಅದು ಇನ್ನೂ ಹಸಿಯಾಗಿದೆ.

ನಂಜನಗೂಡಿನಿಂದ ತಿ. ನರಸೀಪುರದ ಕಡೆಗೆ ಹೋಗುವ ಬಸ್ಸಿನಲ್ಲಿ ನಿದ್ದೆ ಹೋಗದವರಿಗೆ ನಮ್ಮ ಕೆರೆ ಒಂದು ಗಳಿಗೆ ಕಾಣಿಸುತ್ತದೆ. ನಾಲೆ ನೀರಿನಿಂದ ತುಂಬುವ ಕೆರೆ. ಮಳೆಗಾಲ ಮುಗಿದು ನೀರು ಹಿಂದೆ ಸರಿದಾಗ ಮೂಡಲ ದಡದಲ್ಲಿ ಹುಲ್ಲಿನ ಬಯಲು ತೆರೆದುಕೊಳ್ಳುತ್ತದೆ. ಅದಕ್ಕೆ ನಾವು ಕೆರೆಯಂಗಳ ಎನ್ನುತ್ತೇವೆ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಹಗಲೆಲ್ಲ ಇಲ್ಲಿ ಕೂರುತ್ತವೆ, ಸಂಜೆ ಕೊಯ್ದ ಗದ್ದೆಗಳಿಗೆ ಮೇಯಲು ಹೋಗುತ್ತವೆ. ಈಚೆಗೆ ಅವು ಬಂದರೂ ನಿಲ್ಲುತ್ತಿರಲಿಲ್ಲ. ಕೆರೆಯಲ್ಲಿ ಮೀನು ಹಿಡಿಯುವ ಹಕ್ಕನ್ನು ಪಂಚಾಯ್ತಿ ವರ್ಷವರ್ಷ ಹರಾಜು ಹಾಕುತ್ತದೆ. ಹರಾಜು ಹಿಡಿದವರು ಮೀನು ತಿನ್ನುವ ಹಕ್ಕಿಗಳನ್ನು ಓಡಿಸಲು ಪಟಾಕಿ ಹೊಡೆಯುತ್ತಿದ್ದರು. ಹುಲ್ಲು ಮೇಯುವ ಬಾತುಗಳೂ ಹೆದರಿ ಜೊತೆಗೇ ಏಳುತ್ತಿದ್ದವು. ಬೇಸಿಗೆ ಬಂದರೆ ದಡದ ಜೊಂಡಿಗೆ ಬೆಂಕಿ ಬೇರೆ.

ಇದು ನಿಲ್ಲಬೇಕು ಎಂದು ಹಟ ಹಿಡಿದವಳು ನನ್ನ ಚಿಕ್ಕಪ್ಪನ ಮಗಳು. ನಂಜನಗೂಡಿನಲ್ಲಿ ಬಿ.ಎಸ್ಸಿ. ಓದುತ್ತಾಳೆ. ನಾನು ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ ನರಸೀಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಅಜ್ಜಿ ಬೆಳಿಗ್ಗೆ ನಮ್ಮ ಮನೆಯಲ್ಲಿ ಕಾಫಿ ಕುಡಿದು ಅವರ ಮನೆಯಲ್ಲಿ ತಿಂಡಿ ತಿನ್ನುತ್ತಾಳೆ.

ಗ್ರಾಮಸಭೆಯಲ್ಲಿ ತಂಗಿ ಎದ್ದು ನಿಂತು ಮಾತಾಡಿದ ದಿನ ನಾನೂ ಇದ್ದೆ. ಕೆರೆಯ ಜೊಂಡು ಮತ್ತು ಒದ್ದೆ ಮಣ್ಣು ಇಂಗಾಲವನ್ನು ಹಿಡಿದಿಟ್ಟುಕೊಳ್ಳುತ್ತವೆ, ಸುಟ್ಟರೆ ಅದು ಗಾಳಿಗೆ ಹೋಗುತ್ತದೆ, ಇಂಥ ಕೆರೆಗಳು ಉಳಿದರೆ ಊರಿನ ಸೆಕೆಯೂ ತಗ್ಗುತ್ತದೆ ಎಂದೆಲ್ಲ ಹೇಳಿದಳು. ಮುಂದಿನ ಸಾಲಿನಲ್ಲಿದ್ದ ನಮ್ಮ ದೊಡ್ಡಪ್ಪ ಒಬ್ಬರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಕೇಳಿದರು:

"ಅಲ್ಲ ಕಣವ್ವ, ಈ ಹವಾಮಾನ ಸರಿ ಮಾಡಕ್ಕೆ ಡೆಲ್ಲಿಯೋರ ಕೈಲೇ ಆಗ್ನಿಲ್ಲ. ನೀನು ನಮ್ಮೂರ ಜೊಂಡ್ನಲ್ಲಿ ಮಾಡೀಯಾ?"

"ಡೆಲ್ಲಿ ಕೆರೇನ ಡೆಲ್ಲಿಯೋರು ನೋಡ್ಕೊಳ್ಳಿ ದೊಡ್ಡಪ್ಪ. ನಮ್ದನ್ನ ನಾವು ನೋಡ್ಕೊಳ್ಳಮ."

ಸಭೆ ನಕ್ಕಿತು. ಪಂಚಾಯ್ತಿ ಅಧ್ಯಕ್ಷರೂ ನಕ್ಕರು. ನಗುತ್ತಲೇ ಷರತ್ತು ಹಾಕಿದರು: ಈ ವರ್ಷದ ಮೀನು ಹಕ್ಕನ್ನು ಹರಾಜಿನ ರೇಟಿಗೇ ಇವಳ ಜೊತೆಯ ಹುಡುಗರು ತಗೊಳ್ಳಲಿ, ಮೀನು ಹಿಡಿಯಲಿ ಬಿಡಲಿ ಅವರಿಷ್ಟ. ಚಳಿಗಾಲದಲ್ಲಿ ಹಕ್ಕಿ ಬಂದು ಕೂತರೆ ಮುಂದೆಯೂ ಕೆರೆ ಇವರ ಕೈಯಲ್ಲೇ. ಬರದಿದ್ದರೆ ಮತ್ತೆ ಹರಾಜು, ಮತ್ತೆ ಪಟಾಕಿ. "ಏನಮ್ಮ, ಒಪ್ಗೇನಾ?" ಎಂದರು. ತಂಗಿ ಹಿಂದೆ ಮುಂದೆ ನೋಡದೆ "ಒಪ್ಗೆ ಸಾ" ಎಂದುಬಿಟ್ಟಳು. ಹಿಮಾಲಯದ ಆಚೆಯಿರುವ ಹಕ್ಕಿಗಳ ಪರವಾಗಿ ಇವಳು ಮಾತು ಕೊಟ್ಟಳಲ್ಲ ಎಂದು ನಾನು ಅವಳ ದುಪಟ್ಟಾ ಹಿಡಿದೆಳೆದು ಕೂರಿಸಿದೆ.

ದುಡ್ಡು ಬಂದದ್ದು ಫ್ಲೆಕ್ಸಿನಿಂದ. ನಮ್ಮ ಕಡೆ ಹುಡುಗರ ಹುಟ್ಟುಹಬ್ಬ ಎಂದರೆ ಬಸ್‌ಸ್ಟಾಪಿನಲ್ಲಿ ಫ್ಲೆಕ್ಸ್ ಏಳಲೇಬೇಕು. ನಡುವೆ ಕೂಲಿಂಗ್ ಗ್ಲಾಸ್ ಹಾಕಿದ ಹುಟ್ಟುಹಬ್ಬದವನು, ಕೆಳಗೆ ಶುಭ ಕೋರುವ ಗೆಳೆಯರ ದುಂಡು ದುಂಡು ಮುಖಗಳು. ಮೇಲಿಂದ ಕೇಕು, ಅದರಲ್ಲಿ ಅರ್ಧ ಮುಖಕ್ಕೆ ಮೆತ್ತುವುದಕ್ಕೆ. ಒಂದು ವರ್ಷ ಯಾರೂ ಫ್ಲೆಕ್ಸ್ ಕಟ್ಟಬಾರದು, ಕೇಕು ಕತ್ತರಿಸಬಾರದು, ಆ ದುಡ್ಡು ಕೆರೆಗೆ ಎಂದು ತಂಗಿ ಹೇಳಿದಾಗ ಹುಡುಗರ ಮುಖ ನೋಡಬೇಕಿತ್ತು. ಹುಲ್ಲಹಳ್ಳಿಗೆ ಲಗೇಜ್ ಆಟೊ ಓಡಿಸುವ ನಮ್ಮ ಕೇರಿಯ ಗೆಳೆಯನೊಬ್ಬನ ಹುಟ್ಟುಹಬ್ಬ ಹತ್ತಿರವಿತ್ತು.

"ನಂದೊಂದ್ ಆಗೋಗ್ಲಿ ಕಣಮ್ಮಿ, ಆಮ್ಯಾಕೆ ಸುರು ಮಾಡಮ" ಎಂದು ಗೋಗರೆದ.

"ನಿನ್ ಮುಖ ಊರೆಲ್ಲ ನೋಡ್ಯದೆ. ಇನ್ನೊಂದ್ ಕಿತ ಯಾಕ್ಲಾ?"

ಕೊನೆಗೆ ರಾಜಿಯಾಯಿತು. ದುಡ್ಡು ಕೊಟ್ಟವರ ಹೆಸರಿನಲ್ಲಿ ಕೆರೆಯಂಗಳದಲ್ಲಿ ಒಂದೊಂದು ಗಿಡ, ಗಿಡದ ಪಕ್ಕದ ಗೂಟಕ್ಕೆ ಅವರ ಮುಖವಿರುವ ಪುಟ್ಟ ಫ್ಲೆಕ್ಸ್. ಈ ಉಪಾಯ ಮೊದಲು ಯಾರಿಗೆ ಹೊಳೆಯಿತೋ ಈಗ ಯಾರೂ ಒಪ್ಪಿಕೊಳ್ಳುವುದಿಲ್ಲ. ಆದರೆ ದುಡ್ಡು ಹರಿದುಬಂತು. ನಂಜನಗೂಡಿನ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ಸಂಬಳದಲ್ಲಿ ತೆಗೆದು ಕೊಟ್ಟರು. ಮೈಸೂರಿನ ಹಾಸ್ಟೆಲಿನಲ್ಲಿದ್ದವರು ಫೋನಿನಲ್ಲೇ ಕಳಿಸಿದರು. ಅಧ್ಯಕ್ಷರೂ ಒಂದು ಗಿಡ ಕೊಂಡು, ಕೈ ಮುಗಿದಿರುವ ತಮ್ಮ ಫೋಟೊ ಕೊಟ್ಟರು. ನನ್ನದೂ ಒಂದು ಹೊಂಗೆ ಗಿಡವಿತ್ತು. ಅದಕ್ಕೆ ಘಟಿಕೋತ್ಸವದ ಫೋಟೊ ಆರಿಸಿದ್ದೆ. ಮೀನು ಹಕ್ಕಿನ ಹಣ ಕಟ್ಟಿ, ಗಿಡಕ್ಕೂ ಉಳಿಯಿತು. ಮಳೆಗಾಲ ಮುಗಿಯುತ್ತಾ ಅಂಗಳದ ನೀರು ಸರಿಯತೊಡಗಿದಾಗ ನೆಟ್ಟೆವು. ಆಡು ತಿನ್ನದಂತೆ ಗೂಟ ನೆಟ್ಟು ಹಸಿರು ಬಲೆ ಸುತ್ತಿದೆವು.

ಅಜ್ಜಿ, ತೀರಿಹೋದ ತಾತನ ಹೆಸರಿನಲ್ಲಿ ಒಂದು ನೇರಳೆ ಗಿಡ ನೆಡಿಸಿದಳು. ಅದೂ ಅಂಗಳದ ನಟ್ಟನಡುವೆ. ತಾತನ ವೋಟರ್ ಕಾರ್ಡಿನ ಫೋಟೊವನ್ನು ದೊಡ್ಡದು ಮಾಡಿಸಿ ಫ್ಲೆಕ್ಸ್ ತಂದುಕೊಟ್ಟೆವು. ಅಜ್ಜಿಗೆ ಹಸಿರು ಬಲೆಯ ಮೇಲೆ ನಂಬಿಕೆ ಇರಲಿಲ್ಲ. ನಾಲ್ಕು ಗೂಟ ಹೊಡೆಸಿ ತನ್ನದೇ ಹಳೆಯ ಕೆಂಪು ಸೀರೆಯನ್ನು ಸುತ್ತ ಕಟ್ಟಿದಳು. ದಿನಾ ಬೆಳಿಗ್ಗೆ ಚೊಂಬಿನಲ್ಲಿ ನೀರು ತಂದು ಹಾಕಿ, ಫ್ಲೆಕ್ಸಿನಲ್ಲಿರುವ ತಾತನ ಹಣೆಗೆ ವಿಭೂತಿ ಹಚ್ಚಿ, ಮಳೆ ಬಂದು ಅದು ತೊಳೆದುಹೋದರೆ ಮಾರನೆಯ ದಿನ ಮತ್ತೆ ಹಚ್ಚುತ್ತಿದ್ದಳು.

ಚಳಿ ಬಿತ್ತು. ನೀರು ಇನ್ನೂ ಹಿಂದೆ ಸರಿಯಿತು. ಒಂದು ಬೆಳಿಗ್ಗೆ ಆಟೊ ಗೆಳೆಯ ಫೋನ್ ಮಾಡಿ "ಬಂದ್ವು, ಬಂದ್ವು, ಬಿರ್ರನೆ ಬನ್ನಿ" ಎಂದು ಅರಚಿದ. ನಾನು ಹಲ್ಲುಜ್ಜುತ್ತಿದ್ದವಳು ಬ್ರಷ್ ಕೈಯಲ್ಲೇ ಹಿಡಿದು ಓಡಿದೆ. ಏರಿ ಹತ್ತುವ ಹೊತ್ತಿಗೆ ಅವುಗಳ ಕೂಗು ಕೇಳಿಸಿತು. ಆಮೇಲೆ ಕಂಡವು. ಬಿಸಿಲು ಇನ್ನೂ ಮೆತ್ತಗಿತ್ತು, ಅದರಲ್ಲಿ ಸಾಲು ಸಾಲಾಗಿ ತೂಗುತ್ತಾ ಬರುತ್ತಿದ್ದವು. ಬಿಳಿ ತಲೆಯ ಹಿಂಬದಿಯಲ್ಲಿ ಎಳೆದ ಕಪ್ಪು ಪಟ್ಟೆ ಬರಿಗಣ್ಣಿಗೇ ಕಾಣುವಷ್ಟು ತಗ್ಗಿಗೆ ಇಳಿದವು. ಕಾಲು ಚಾಚಿದವು. ಅಂಗಳದ ಮೇಲೆ ಬಂದದ್ದೇ ತಟ್ಟನೆ ಮೇಲೆದ್ದವು. ಒಂದು ಸುತ್ತು ಹಾಕಿದವು. ಮತ್ತೆ ಇಳಿದವು, ಮತ್ತೆ ಎದ್ದವು. ಆಮೇಲೆ ಬಿಳಿಗೆರೆ ಊರಿನ ದಿಕ್ಕಿಗೋ ಎಲ್ಲಿಗೋ ಹೊರಟುಹೋದವು.

"ನಿನ್ ಮುಖ ನೋಡಿ ಹೆದ್ರುದ್ವು ಕಣ್ಲಾ" ಎಂದು ಯಾರೋ ಆಟೊದವನಿಗೆ ತಮಾಷೆ ಮಾಡಿದರು. ಯಾರೂ ನಗಲಿಲ್ಲ. ಏಕೆಂದರೆ ಅಷ್ಟು ಹೊತ್ತಿಗೆ ಎಲ್ಲರಿಗೂ ಕಂಡಿತ್ತು. ಇಡೀ ಅಂಗಳದಲ್ಲಿ ನಮ್ಮ ಮುಖಗಳು ಗಾಳಿಗೆ ಪಟಪಟನೆ ಹೊಡೆದುಕೊಳ್ಳುತ್ತಿದ್ದವು. ಕೂಲಿಂಗ್ ಗ್ಲಾಸುಗಳು, ಮುಗಿದ ಕೈಗಳು, ಕಪ್ಪು ಗೌನಿನಲ್ಲಿ ನಾನು.

ಆವತ್ತೇ ಫ್ಲೆಕ್ಸುಗಳನ್ನೆಲ್ಲ ಇಳಿಸಿದೆವು. ತಾತನದನ್ನು ಅಜ್ಜಿ ತಾನೇ ಬಿಚ್ಚಿಕೊಂಡು ಮನೆಗೆ ತಂದು ದೇವರ ಗೂಡಿನ ಪಕ್ಕ ಇಟ್ಟಳು. ಮಾರನೆಯ ಬೆಳಿಗ್ಗೆ ಬಾತುಗಳು ಮತ್ತೆ ಬಂದವು, ಮತ್ತೆ ಸುತ್ತಿದವು. ಒಂದೆರಡು ಕಾಲೂರಿದವು, ನಿಂತಲ್ಲೇ ಕತ್ತು ನಿಗುರಿಸಿ ಅತ್ತಿತ್ತ ನೋಡಿ ಎದ್ದುಬಿಟ್ಟವು.

ಆಗ ಶುರುವಾಯಿತು ವಾದ. ಹಿಂದೆಲ್ಲ ಅವು ಎಲ್ಲಿ ಕೂರುತ್ತಿದ್ದವು? ಏರಿಯ ಹತ್ತಿರ ಎಂದು ಒಬ್ಬರು, ತೂಬಿನ ಬಳಿ ಎಂದು ಇನ್ನೊಬ್ಬರು. ಅಂಗಳದ ಬಯಲಿನಲ್ಲಿ ಎಂದು ನಾನು ಹೇಳಿದೆ. ಹೇಳಿದ ಕೂಡಲೇ ಅಪ್ಪನ ಹೆಗಲ ಮೇಲಿನ ಆ ಅನುಮಾನದ ಚಿತ್ರವೇ ನನ್ನ ಸಾಕ್ಷಿ ಎಂದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಎಲ್ಲರೂ ಕಣ್ಣಾರೆ ಕಂಡವರೇ, ಒಬ್ಬರದು ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ.

ತಂಗಿ ನಮ್ಮ ಮಾತು ಕೇಳುತ್ತಿರಲಿಲ್ಲ. ಚಪ್ಪಲಿ ಬಿಟ್ಟು ನೀರಿನಂಚಿಗೆ ಹೋದಳು. ಕಾಲೇಜಿಗೆಂದು ಹಾಕಿಕೊಂಡಿದ್ದ ಚೂಡಿದಾರದಲ್ಲೇ ಕೆಸರಿನ ಮೇಲೆ ಬೋರಲು ಮಲಗಿ, ಗಲ್ಲವನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಅಂಗಳದ ಕಡೆ ನೋಡಿದಳು.

"ಏನಾಯ್ತಮ್ಮಿ, ಬಿದ್ಯಾ?" ಎಂದು ಆಟೊದವನು ಓಡಿದ.

"ಬಿದ್ದಿಲ್ಲ ಸುಮ್ನಿರ್ಲಾ. ಅಕ್ಕ, ಬಾ ಇಲ್ಲಿ. ಮನೀಕೊಂಡು ನೋಡು."

ಮಲಗಿದೆ. ಸೀರೆಯ ಮುಂಭಾಗವೆಲ್ಲ ತಣ್ಣಗಾಯಿತು. ಅಷ್ಟು ತಗ್ಗಿನಿಂದ ನೋಡಿದರೆ ಬಯಲೇ ಇರಲಿಲ್ಲ. ಗೂಟದ ಹಿಂದೆ ಗೂಟ, ಬಲೆಯ ಹಿಂದೆ ಬಲೆ, ಎಲ್ಲ ಸೇರಿ ಒಂದು ಗೋಡೆ. ಅದರ ಹಿಂದೆ ನಾಯಿ ಕೂತಿದ್ದರೂ ತಿಳಿಯುವಂತಿರಲಿಲ್ಲ.

"ಅವಕ್ಕೆ ದೂರ ಕಾಣ್ಬೇಕು ಕಣಕ್ಕ. ನಾವು ಬಯಲು ಅಂದ್ರೆ ಖಾಲಿ ಜಾಗ ಅನ್ಕೊಂಡು ಮರ ನೆಟ್ಬುಟ್ವಿ. ಬಯಲೇ ಅವುಗಳ ಮನೆ." ಕೆಸರು ಮೆತ್ತಿದ ಅವಳ ಮುಖದಲ್ಲಿ ಅಳುವಿರುತ್ತದೆ ಎಂದುಕೊಂಡಿದ್ದೆ. ಇಲ್ಲ, ಕಣ್ಣುಗಳು ಮಿನುಗುತ್ತಿದ್ದವು. ಗೊತ್ತಾಯಿತಲ್ಲ ಎಂಬ ಖುಷಿ. ನನಗೂ ಅದು ಅಂಟಿಕೊಂಡಿತು. ನಾವಿಬ್ಬರೂ ಕೆಸರಿನಲ್ಲಿ ಬಿದ್ದು ನಗುತ್ತಿದ್ದುದನ್ನು ಆಟೊದವನು ವಿಡಿಯೊ ಮಾಡಿದ್ದಾನೆ. ಆದ್ದರಿಂದ ಅದು ನಡೆದದ್ದಂತೂ ನಿಜ.

ನಮ್ಮ ಊರಿಗೊಂದು ಗುಂಡುತೋಪಿದೆ. ಹಳೆಯ ಹುಣಸೆ, ಮಾವಿನ ಮರಗಳು ಸತ್ತು ಅಲ್ಲಲ್ಲಿ ಬರಿದಾಗಿತ್ತು. ಗಿಡಗಳನ್ನು ಅಲ್ಲಿಗೆ ಸಾಗಿಸುವುದು ಎಂದಾಯಿತು. ದುಡ್ಡು ಕೊಟ್ಟವರ ಮನೆಮನೆಗೆ ತಂಗಿ ತಾನೇ ಹೋದಳು. "ನೆಟ್ಟಿದ್ದು ತಪ್ಪು ಜಾಗ, ನಿಮ್ ಗಿಡ ಸಾಯಲ್ಲ, ಜಾಗ ಬದಲಾಯ್ತದೆ" ಎಂದು ಎಲ್ಲರಿಗೂ ಅದೇ ಮಾತು. ಕೆಲವರು ಗೊಣಗಿದರು. "ಕಿತ್ತಾಕಕ್ಕೆ ಯಾಕ್ರವ್ವ ನೆಡ್ತೀರಿ?" ಎಂದು ದೊಡ್ಡಪ್ಪ ಟವೆಲ್ ಕೊಡವಿದರು. ಆದರೆ ಭಾನುವಾರ ಹಾರೆ ಹಿಡಿದು ಬಂದವರಲ್ಲಿ ಅವರೇ ಮೊದಲಿಗರು. ಬೇರಿನ ಮಣ್ಣು ಕದಡದಂತೆ ಹೆಂಟೆ ಸಮೇತ ಎತ್ತಿ, ಗೋಣಿಯಲ್ಲಿ ಸುತ್ತಿ, ಲಗೇಜ್ ಆಟೊದಲ್ಲಿ ತುಂಬಿ ತೋಪಿಗೆ ಕಳಿಸಿದೆವು. ಗಾರ್ಮೆಂಟ್ಸಿನ ಹುಡುಗಿಯರು ತೋಪಿನಲ್ಲಿ ಗುಂಡಿ ತೋಡಿ ಕಾಯುತ್ತಿದ್ದರು. ಹಬ್ಬದ ಹಾಗಿತ್ತು. ಹೊತ್ತು ಮುಳುಗುವ ಮುಂಚೆ ಅಂಗಳದಲ್ಲಿ ಉಳಿದದ್ದು ಒಂದೇ ಗಿಡ, ನಟ್ಟನಡುವೆ, ಕೆಂಪು ಸೀರೆಯೊಳಗೆ.

ಅಜ್ಜಿ ಅದರ ಪಕ್ಕದಲ್ಲೇ ಕೂತಿದ್ದಳು. ಮಧ್ಯಾಹ್ನದಿಂದಲೂ ಎದ್ದಿರಲಿಲ್ಲ.

"ಅಜ್ಜಿ" ಎಂದಳು ತಂಗಿ, "ಎಲ್ಲಾರ್ದೂ ಆಯ್ತು. ತಾತಂದೊಂದು..."

"ಮುಟ್ಟುದ್ರೆ ಕೈ ಮುರೀತೀನಿ."

"ತೋಪ್ನಲ್ಲಿ ಇನ್ನೂ ಚೆನ್ನಾಗಿ ಬೆಳೀತದೆ ಅಜ್ಜಿ."

"ಮಣ್ ಮಾಡ್ದೋರ್ನ ತಿರ್ಗ ಯಾರಾರ ಅಗೀತಾರೇನೇ? ಒಂದ್ ಕಿತ ಮಡಗಿದ್ಮ್ಯಾಲೆ ಮುಗೀತು."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಹೂಳುತ್ತೇವೆ. ಹಾರೆ ಹಿಡಿದಿದ್ದವರು ಅದನ್ನು ಮೆಲ್ಲಗೆ ಕೆಳಗಿಟ್ಟರು. ತಂಗಿ ವಾದ ಮಾಡಲಿಲ್ಲ. ಅಜ್ಜಿಯ ಪಕ್ಕ ಹುಲ್ಲಿನ ಮೇಲೆ ಕೂತು, "ಸರಿ, ಇರ್ಲಿ ಬುಡು. ನಾಳೆ ಬೆಳಿಗ್ಗೆ ನನ್ ಜೊತೆ ಬಾ, ಬಾತು ನೋಡಿವಂತೆ" ಎಂದಷ್ಟೇ ಹೇಳಿದಳು. ಮನೆಗೆ ಬರುವ ದಾರಿಯಲ್ಲಿ ನಾನು ಕೇಳಿದೆ: ಅಜ್ಜಿ ಒಪ್ಪದೇ ಇದ್ದರೆ? "ಒಪ್ದೇ ಇದ್ರೆ ಇಲ್ಲ. ಕೆರೆ ಹೋಗ್ಬೋದು, ತಾತನ್ನ ಹೆಂಗಕ್ಕ ಕೀಳ್ಲಿ?" ಎಂದಳು. ಆಗಲೇ ನನಗೆ ತಿಳಿದದ್ದು, ಇವಳು ಕೊಟ್ಟ ಮಾತು ಇವಳಿಗೆ ಎಷ್ಟು ಭಾರವಾಗಿದೆ, ಅದಕ್ಕಾಗಿ ಏನನ್ನು ಮಾಡಲಾರಳು ಎಂಬುದು.

ಮುಂದಿನದನ್ನು ಬರೆಯುವಾಗ ಹುಷಾರಾಗಿರಬೇಕು.

ಮಾರನೆಯ ಬೆಳಿಗ್ಗೆ ಅಜ್ಜಿ ಶಾಲು ಹೊದ್ದು, ಚೊಂಬು ಹಿಡಿದು ನಮ್ಮ ಜೊತೆ ಏರಿಯ ಮೇಲೆ ಕೂತಳು. ಬಾತುಗಳು ಬಂದವು. ತೆರವಾದ ಬಯಲನ್ನು ಕಂಡು ಹಿಂದೆಂದಿಗಿಂತ ತಗ್ಗಿಗೆ ಇಳಿದವು. ಇನ್ನೇನು ಕೂತವು ಎನ್ನುವಷ್ಟರಲ್ಲಿ ಗಾಳಿ ಬೀಸಿ ಕೆಂಪು ಸೀರೆ ಉಬ್ಬಿತು. ಇಡೀ ಗುಂಪು ಚೆದುರಿ ಕೂಗುತ್ತ ಮೇಲೆದ್ದಿತು. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಅವು ದೂರವಾಗುವವರೆಗೂ ನೋಡಿದಳು.

"ಎಲ್ಲಿಂದ ಬತ್ತವೆ ಅವು?" ಎಂದು ಕೇಳಿದಳು.

"ಬಡಗ್ಲಿಂದ. ಹಿಮಾಲಯದ ಆಚೆಯಿಂದ."

"ಕೈಲಾಸ ಇರಾದೂ ಅಲ್ಲೇ ಅಲ್ವಾ?"

"ಹೂಂ ಅಜ್ಜಿ. ಆ ಕಡೆಯಿಂದ್ಲೇ ಹಾರ್ಕೊಂಡು ಬತ್ತವೆ ಅಂತಾರೆ."

ತಾತ ಹೋದಾಗ ಎಲ್ಲರೂ ಕೈಲಾಸ ಸೇರಿದರು ಎಂದೇ ಹೇಳಿದ್ದರು. ಅಜ್ಜಿ ಎದ್ದಳು. ನಡೆದುಹೋಗಿ ಸೀರೆಯನ್ನು ಬಿಚ್ಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಗಿಡದ ಬುಡಕ್ಕೆ ಚೊಂಬಿನ ನೀರು ಹೊಯ್ದು, ಮಣ್ಣು ಮೆತ್ತಗಾದ ಮೇಲೆ ಕೂತು ಕೈಯಿಂದಲೇ ಬಗೆಯತೊಡಗಿದಳು. ನಾವು ಸುತ್ತ ಕೂತು ಬಗೆದೆವು. "ತೋಪಿಗೆ ಬ್ಯಾಡ. ಅವರು ಎಲ್ಲವ್ರೋ ಅಲ್ಲಿಗೇ ಒಯ್ಯಮ" ಎಂದಳು. ನಮ್ಮ ಹೊಲದ ಬದುವಿನಲ್ಲಿ ತಾತನ ಸಮಾಧಿಯಿದೆ. ಮಣ್ಣಿನ ಹೆಂಟೆಯನ್ನು ಆ ಕೆಂಪು ಸೀರೆಯಲ್ಲೇ ಕಟ್ಟಿ, ಮಕ್ಕರಿಯಲ್ಲಿಟ್ಟು, ಯಾರಿಗೂ ಕೊಡದೆ ತಾನೇ ಸೊಂಟದ ಮೇಲೆ ಹೊತ್ತಳು.

ಹೀಗೆ ನನಗೆ ನೆನಪಿದೆ. ಆದರೆ ತಂಗಿ ಹೇಳುವುದು ಬೇರೆ. ಕೈಲಾಸದ ಮಾತು ಬಂದದ್ದು ಆಮೇಲೆ, ಹೊಲದಲ್ಲಿ ಗಿಡ ನೆಟ್ಟು ಕೈ ತೊಳೆಯುವಾಗ. ಏರಿಯ ಮೇಲೆ ಅಜ್ಜಿ ಹೇಳಿದ್ದು "ಪಾಪ, ಎಷ್ಟ್ ದೂರದಿಂದ ಬಂದವೆ, ಕೂರಕ್ಕೂ ಜಾಗ ಇಲ್ವಲ್ಲೇ" ಎಂದಷ್ಟೇ, ಅಂತಾಳೆ. ಎರಡರಲ್ಲಿ ಯಾವುದು ಸರಿ ಎಂದು ನಾನು ಬಹಳ ಯೋಚಿಸಿದ್ದೇನೆ. ನನ್ನ ಕ್ರಮ ನಿಜವಾದರೆ ಅಜ್ಜಿ ತಾತನಿಗಾಗಿ ಗಿಡ ಬಿಟ್ಟುಕೊಟ್ಟಳು. ತಂಗಿಯದು ನಿಜವಾದರೆ ದಣಿದು ಬಂದ ಹಕ್ಕಿಗಳಿಗಾಗಿ ಬಿಟ್ಟುಕೊಟ್ಟಳು, ಕೈಲಾಸ ಸಮಾಧಾನಕ್ಕೆ ಬಂದದ್ದು. ನನ್ನ ಓದು ನನಗೆ ಕಥೆ ಚೆಂದವಾಗುವ ಕಡೆಗೆ ವಾಲುವುದನ್ನು ಕಲಿಸಿದೆ ಎಂಬ ಅನುಮಾನ ನನಗಿದೆ. ಅಜ್ಜಿಯನ್ನೇ ಕೇಳಿದೆ. "ಯಾವ್ದಾರ ಒಂದು ಬರ್ಕೋ, ಮೊದ್ಲು ಒಲೆ ಮ್ಯಾಲೆ ಕಾಪಿ ಮಡಗು" ಎಂದಳು.

ಅದಾದ ಮೇಲೆ ನಾವು ಕಾದೆವು. ಒಂದು ಬೆಳಿಗ್ಗೆ ಅವು ಬರಲೇ ಇಲ್ಲ. ತಂಗಿ ಕಾಲೇಜಿಗೆ ಹೋಗಲಿಲ್ಲ, ಊಟ ಸರಿಯಾಗಿ ಮಾಡಲಿಲ್ಲ. ಹರಾಜಿನ ವಿಷಯ ಊರಿನಲ್ಲಿ ಮತ್ತೆ ಕೇಳಿಬಂತು. ಮರುದಿನ ಮಂಜು ಹಿಡಿದಿತ್ತು. ಏರಿಯ ಮೇಲೆ ಸಾಲಾಗಿ ಕೂತಿದ್ದೆವು. ಸದ್ದು ಮಾಡಿದವರಿಗೆ ಜನ್ಮದಲ್ಲಿ ಫ್ಲೆಕ್ಸ್ ಇಲ್ಲ ಎಂದು ತಂಗಿ ಎಚ್ಚರಿಸಿದ್ದಳು. ಏನೂ ಕಾಣುತ್ತಿರಲಿಲ್ಲ, ಮಂಜಿನೊಳಗಿನಿಂದ ಕೂಗು ಮಾತ್ರ ಕೇಳಿಸಿತು. ತಲೆಯ ಮೇಲೆ, ಆಮೇಲೆ ಎದುರಿಗೆ, ಆಮೇಲೆ ಕೆಳಗೆ. ರೆಕ್ಕೆ ಬಡಿಯುವ ಸದ್ದು ಒಮ್ಮೆಲೆ ಜೋರಾಗಿ ನಿಂತುಹೋಯಿತು. ಹೋದವೇ? ಬಿಸಿಲು ಏರಿ ಮಂಜು ಹರಿದಂತೆ ಒಂದು ಕತ್ತು ಕಂಡಿತು. ಪಕ್ಕದಲ್ಲಿ ಇನ್ನೊಂದು. ಮಂಜು ಸರಿಯುತ್ತಾ ಹೋಯಿತು, ಬಾತುಗಳು ಮುಗಿಯಲೇ ಇಲ್ಲ. ಇಡೀ ಅಂಗಳದ ತುಂಬ, ನನ್ನ ಹೊಂಗೆ ಇದ್ದಲ್ಲಿ, ಅಧ್ಯಕ್ಷರ ಗಿಡ ಇದ್ದಲ್ಲಿ, ತಾತನ ನೇರಳೆಯ ಗುಂಡಿಯ ಸುತ್ತ, ಹುಲ್ಲು ಕೀಳುತ್ತಾ, ತಮ್ಮತಮ್ಮಲ್ಲೇ ಗೊಣಗುತ್ತಾ ಓಡಾಡುತ್ತಿದ್ದವು.

ಆಟೊದವನು ಎದ್ದು ಕುಣಿಯಲು ಹೋದ. ಇಬ್ಬರು ಅವನ ಅಂಗಿ ಹಿಡಿದು ಕೂರಿಸಿದರು. ತಂಗಿ ದುಪಟ್ಟಾದ ತುದಿಯನ್ನು ಬಾಯಿಗೆ ತುರುಕಿಕೊಂಡು ನನ್ನ ತೊಡೆಗೆ ಗುದ್ದುತ್ತಿದ್ದಳು. ಎರಡು ದಿನ ನೀಲಿಗಟ್ಟಿತ್ತು.

ಆ ಹೊತ್ತಿಗೇ ಊರ ಕಡೆಯಿಂದ ಬೈಕಿನ ಸದ್ದು. ಅಧ್ಯಕ್ಷರು. ತಂಗಿ ಬಗ್ಗಿಕೊಂಡೇ ಓಡಿ, ಏರಿಯ ಕೆಳಗೆ ಎರಡೂ ಕೈ ಚಾಚಿ ತಡೆದಳು. "ಸಾ, ಗಾಡಿ ಆಫ್ ಮಾಡಿ. ಸಾ, ದಮ್ಮಯ್ಯ." ಅವರು ಆಫ್ ಮಾಡಿದರು. ಚಪ್ಪಲಿಯ ಸದ್ದೂ ಆಗುತ್ತದೆ ಎಂದಳು. ಅದನ್ನೂ ಬಿಟ್ಟು, ಬಿಳಿ ಪ್ಯಾಂಟನ್ನು ಮಡಿಚಿ, ಬರಿಗಾಲಲ್ಲಿ ಏರಿ ಹತ್ತಿ ನಮ್ಮ ಸಾಲಿನಲ್ಲಿ ಕೂತರು. ಅಂಗಳದ ತುದಿಯಿಂದ ತುದಿಗೆ ಕಣ್ಣಾಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು:

"ನನ್ ಗಿಡ ಎಲ್ಲೋಯ್ತವ್ವ?"

"ತೋಪ್ನಲ್ಲಿ ಅದೆ ಸಾ. ಚೆನ್ನಾಗದೆ."

"ಫೋಟೊ?"

"ಬಾತು ಹೆದರ್ಕೋತಿದ್ವು ಸಾ."

ಏರಿಯ ಉದ್ದಕ್ಕೂ ಬಾಯಿ ಮುಚ್ಚಿದ ನಗು ಹರಿದಾಡಿತು. ಅಧ್ಯಕ್ಷರೂ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಹೆಗಲು ಕುಲುಕುತ್ತಿತ್ತು. ಹರಾಜಿನ ಮಾತನ್ನು ಅವರು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹೊರಡುವಾಗ ಬೈಕನ್ನು ಸ್ಟಾರ್ಟ್ ಮಾಡದೆ, ರಸ್ತೆಯವರೆಗೂ ತಳ್ಳಿಕೊಂಡು ಹೋದರು.